ಮಾಸುಮಬಿ ಆರಿಸಿದ ಗಾಲಿ

ಮಾಸುಮಬಿಗೆ ಬಸ್ಸಿನ ಅಂಜಿಕೆ ಹತ್ತಿದ್ದು ಹಾವೇರಿಯ ಬಸ್ ಸ್ಟ್ಯಾಂಡಿನಲ್ಲಿ, ಒಂದು ಮಳೆಗಾಲದ ಮಧ್ಯಾಹ್ನ.

ಸಣ್ಣಾಕಿದ್ದಾಗಲೇ ಪೋಲಿಯೊ ಬಂದು ಅವಳ ಎಡಗಾಲು ಸೊರಗಿತ್ತು. ಬಸ್ಸು ಹತ್ತಬೇಕಾದರೆ ಮೊದಲು ಬಲಗಾಲನ್ನು ಮೆಟ್ಟಿಲ ಮೇಲಿಟ್ಟು, ಸರಳು ಹಿಡಿದು ಮೈಯನ್ನು ಮೇಲಕ್ಕೆಳೆದುಕೊಂಡು, ಆಮೇಲೆ ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳಬೇಕು. ಆ ದಿನ ಎಡಗಾಲು ಇನ್ನೂ ಕೆಳಗಿರುವಾಗಲೇ ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟೇಬಿಟ್ಟಿತು. ಅವಳು ಸರಳಿಗೆ ಜೋತುಬಿದ್ದು, ಕಾಲು ಕೆಸರಿನಲ್ಲಿ ಎಳೆಯುತ್ತ, ಸ್ಟ್ಯಾಂಡಿನ ಗೇಟಿನವರೆಗೆ ಹೋದಳು. ಮಂದಿ ಕೂಗಿದ ಮೇಲೆ ಬಸ್ಸು ನಿಂತಿತು. ಮೊಣಕಾಲಿನ ಚರ್ಮ ಕಿತ್ತು ಹೋಗಿತ್ತು. ಗಾಯ ಮಾಯಿತು, ಆದರೆ ಹಿಂದಿನಿಂದ ಬಸ್ಸಿನ ಸದ್ದು ಬಂದರೆ ಸಾಕು, ಅವಳ ಅಂಗೈ ತಣ್ಣಗಾಗಿ ಬೆವರೊಡೆಯುವುದು ಮಾತ್ರ ನಿಲ್ಲಲಿಲ್ಲ.

ರಾಣೆಬೆನ್ನೂರಿನ ಒಂದು ಓಣಿಯಲ್ಲಿ ಅವಳದೊಂದು ಹೊಲಿಗೆ ಕೇಂದ್ರವಿತ್ತು. ಕಾಲಿನಿಂದ ತುಳಿಯುವ ಮಷೀನು ಆಗದೆಂದು ಅವಳ ಅಪ್ಪ ಬದುಕಿದ್ದಾಗ ಕೈಯಿಂದ ತಿರುಗಿಸುವ ಮಷೀನು ತಂದುಕೊಟ್ಟಿದ್ದ. ಅದರ ಮೇಲೆ ಓಣಿಯವರ ರವಿಕೆ ಹೊಲಿಯುತ್ತ ಶುರು ಮಾಡಿದವಳು ಮೂವತ್ತೈದು ತುಂಬುವಷ್ಟರಲ್ಲಿ ಎಂಟು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿದ್ದಳು. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಸುತ್ತಲಿನ ಹತ್ತಾರು ಶಾಲೆಗಳ ಮಕ್ಕಳು ಅವಳು ಹೊಲಿಸಿದ ಸಮವಸ್ತ್ರ ಹಾಕಿಕೊಂಡೇ ಪ್ರಾರ್ಥನೆಗೆ ನಿಲ್ಲುತ್ತಿದ್ದರು. ಅಂಗಿ ಬಿಗಿಯಾಯಿತು, ಲಂಗ ಗಿಡ್ಡಾಯಿತು ಅಂತ ಒಬ್ಬ ತಾಯಿಯೂ ಬೈದಿರಲಿಲ್ಲ, ಯಾಕಂದರೆ ಅಳತೆಗೆ ಅವಳೇ ಖುದ್ದು ಹೋಗುತ್ತಿದ್ದಳು. ಬೆಳೆಯುವ ಮಕ್ಕಳ ಮೈ ನೋಡಿ ಎಲ್ಲಿ ಎಷ್ಟು ಬಿಡಬೇಕು ಅನ್ನುವುದು ಅವಳ ಕಣ್ಣಿಗೆ ತಿಳಿಯುತ್ತಿತ್ತು.

ಬಸ್ಸಿನ ಘಟನೆ ಆದ ಮೇಲೆ ಅಳತೆಗೆ ಹೋಗುವುದೇ ತಪ್ಪಿತು. ಕೇಂದ್ರದ ಹಿರಿಯಾಕಿ ಗುತ್ತೆವ್ವ ಒಬ್ಬಳೇ ಹೋಗಿಬರತೊಡಗಿದಳು. ಅಗಡಿಯ ಶಾಲೆಯವರು, "ನಿಮ್ಮ ಅಕ್ಕಾರು ಯಾಕ ಬರವಲ್ರು?" ಅಂತ ಒಂದು ಸಲ ಕೇಳಿದರು, ಎರಡು ಸಲ ಕೇಳಿದರು, ಮೂರನೆಯ ಸಲ ಹಾವೇರಿಯ ಬೇರೆ ಟೇಲರನಿಗೆ ಕೆಲಸ ಕೊಟ್ಟರು. ಮಾಸುಮಬಿ ಬಾಡಿಗೆ ಟೆಂಪೊದಲ್ಲಿ ಕೂತು ನೋಡಿದಳು. ತನ್ನ ಕಾಲು ಒಳಗೆ ಬಂದಿದೆಯೋ ಇಲ್ಲವೋ ಎಂಬುದನ್ನು ಇನ್ನೊಬ್ಬ ನೋಡಿಕೊಂಡು ಗಾಡಿ ಬಿಡಬೇಕು ಅನ್ನುವ ವಿಚಾರ ತಡೆಯಲಾಗದೆ ಓಣಿ ದಾಟುವ ಮೊದಲೇ ಇಳಿದುಬಿಟ್ಟಳು.

ಬಟ್ಟೆಯ ಥಾನು ಆರಿಸಲು ಹುಬ್ಬಳ್ಳಿಗೆ ರೈಲಿನಲ್ಲಿ ಹೋಗಿದ್ದಾಗ ಒಂದು ಸಂಗತಿ ನಡೆಯಿತು. ರೈಲು ಸ್ಟೇಷನ್ನಿನಲ್ಲಿ ಸಾಕಷ್ಟು ಹೊತ್ತು ನಿಲ್ಲುತ್ತದೆ ಎಂಬ ಧೈರ್ಯಕ್ಕೆ ಅವಳು ರೈಲನ್ನು ಮಾತ್ರ ಬಿಟ್ಟಿರಲಿಲ್ಲ. ಅಂಗಡಿಯ ಮುಂದೆ ಒಂದು ಮಾರುತಿ ಕಾರು ಬಂದು ನಿಂತಿತು. ಡ್ರೈವರ್ ಸೀಟಿನಿಂದ ಮೊದಲು ಎರಡು ಊರುಗೋಲು ಹೊರಬಂದವು, ಆಮೇಲೆ ಅವನ್ನು ಊರಿಕೊಂಡು ಒಬ್ಬ ಗಂಡಸು. ಮಾಸುಮಬಿ ಥಾನು ನೋಡುವುದನ್ನು ಬಿಟ್ಟು ಹೊರಗೆ ಬಂದು, ನಾಚಿಕೆ ಬಿಟ್ಟು ಅವನನ್ನು ಕೇಳಿದಳು. ಹಳೇ ಹುಬ್ಬಳ್ಳಿಯ ಹಜರತಅಲಿ ಮಿಸ್ತ್ರಿ ಅನ್ನುವವರು ಕಾಲಿನ ಕೆಲಸ ಕೈಗೆ ಬರುವ ಹಾಗೆ ಕಾರಿಗೆ ಹಿಡಿಕೆ ಜೋಡಿಸಿಕೊಡುತ್ತಾರೆ ಅಂತ ಅವನು ಹೇಳಿದ. ಆಮೇಲೆ ಅವಳ ಕಾಲು ನೋಡಿ, "ನಿಮಗ ಬಲಗಾಲು ಗಟ್ಟಿ ಐತೆಲ್ಲ. ಬರೇ ಕ್ಲಚ್ ಒಂದು ಕೈಗೆ ಬಂದ್ರ ಸಾಕು" ಅಂದ.

ಮನೆಯಲ್ಲಿ ತಾಯಿ ಸಕೀನಾಬಿ ಮಾತು ಕೇಳಿದವಳೇ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಬಸ್ಸಿಗೆ ಅಂಜತಿ. ಮತ್ತ ಕಾರು ಹೊಡಿತೀನಿ ಅಂತಿ. ಇದೆಂಥಾದ್ದು ಬೇಟಿ?"

"ಬಸ್ಸು ನನ್ನ ಕೈಯಾಗ ಇಲ್ಲಲಾ, ಅಮ್ಮಾ."

"ನಿನ್ನ ಕೈಯಾಗ ಇದ್ರ ನನಗ ಇನ್ನೂ ಅಂಜಿಕಿ."

ತಮ್ಮ ನಾಸೀರ ಮಾತ್ರ ಹಿಗ್ಗಿದ. ಅವನು ಕೇಂದ್ರದಲ್ಲಿ ಬಟ್ಟೆ ಕತ್ತರಿಸುತ್ತಿದ್ದ. ಅಕ್ಕನ ಮೇಲೆ ಜೀವ, ಹಾಗೆಯೇ ಹೊಳೆಯುವುದೆಲ್ಲದರ ಮೇಲೂ ಜೀವ. ಅವನ ಸೈಕಲ್ಲಿನ ಕಡ್ಡಿಗಳಿಗೂ ಬಣ್ಣದ ಮಣಿ ಇದ್ದವು.

ತೊಂಬತ್ತಾರನೇ ಇಸವಿಯ ದೀಪಾವಳಿಯ ಹೊತ್ತಿಗೆ ಅಕ್ಕ ತಮ್ಮ ಇಬ್ಬರೂ ಹುಬ್ಬಳ್ಳಿಯ ಶೋರೂಮಿಗೆ ಹೋದರು. ಒಳಗೆ ಗಾಜಿನಂತೆ ನುಣುಪಾದ ನೆಲ. ಮಾಸುಮಬಿ ಎಡಗಾಲು ಎಲ್ಲಿ ಜಾರೀತೋ ಎಂದು ಗೋಡೆಯ ಗುಂಟ ನಡೆದಳು. ಅಲ್ಲಿದ್ದ ಟೈ ಕಟ್ಟಿದ ಹುಡುಗ ಎಲ್ಲ ಮಾತನ್ನೂ ನಾಸೀರನಿಗೇ ಹೇಳತೊಡಗಿದ. ಸಾದಾ ಮಾಡೆಲ್ ಹೀಗೆ, ಎಸಿ ಇರುವ ಮಾಡೆಲ್ ಹೀಗೆ. ಇದಕ್ಕೆ ರೆಕ್ಸಿನ್ ಸೀಟು, ಇದಕ್ಕೆ ಮೆತ್ತನೆಯ ಬಟ್ಟೆ ಸೀಟು, ತಲೆಗೆ ಆಸರೆ. ಬೇಕಾದರೆ ಎಡಗಡೆಗೂ ಕನ್ನಡಿ, ಗಾಲಿಗೆ ಬೆಳ್ಳಿ ಬಣ್ಣದ ಮುಚ್ಚಳ.

"ಸ್ಟೇರಿಂಗ್ ಯಾವುದರದು ಹಗುರ ಐತಿ?" ಅಂತ ಮಾಸುಮಬಿ ಕೇಳಿದಳು.

ಹುಡುಗ ಮೊದಲ ಸಲ ಅವಳ ಕಡೆ ತಿರುಗಿದ. ಅವನ ಕಣ್ಣು ಮುಖಕ್ಕೆ ಬರುವ ಮೊದಲು ಕಾಲಿಗೆ ಹೋಯಿತು. "ಮೇಡಂ, ಕಾರು ಓಡಿಸೋರು..."

"ನಾನ."

ಅವನು ನಗಲಿಲ್ಲ. ಅದಕ್ಕೆ ಅವಳಿಗೆ ಅವನ ಮೇಲೆ ಸ್ವಲ್ಪ ವಿಶ್ವಾಸ ಬಂತು. ಎರಡರ ಸ್ಟೇರಿಂಗೂ ಒಂದೇ, ಆದರೆ ಸಾದಾ ಗಾಡಿಯೇ ಹಗುರ ಅನಿಸುತ್ತದೆ ಅಂತ ಹೇಳಿ, ಬಾಗಿಲು ತೆಗೆದು ಕೂರಿಸಿದ. ಬಾಗಿಲು ಮುಚ್ಚಿಕೊಂಡಾಗ ಹೊರಗಿನ ಸದ್ದೆಲ್ಲ ನಿಂತುಹೋಯಿತು. ನಿಂತ ಕಾರಿನಲ್ಲಿ, ಗೋಡೆಗೆ ಮುಖ ಮಾಡಿ ಕೂತಿದ್ದರೂ ಎದುರಿನಿಂದ ಏನೋ ಬರುತ್ತಿದೆ ಅನಿಸಿ ಅವಳು ಬಲಗಾಲನ್ನು ಬ್ರೇಕಿನ ಮೇಲೆ ಗಟ್ಟಿಯಾಗಿ ಒತ್ತಿದಳು.

"ಎಸಿದು ತಗೋ ಆಪಾ," ಅಂದ ನಾಸೀರ ಕಿಟಕಿಯ ಬಳಿ ಬಗ್ಗಿ. "ಇಲ್ಲಾಂದ್ರ ಗಾಲಿಗೆ ಮುಚ್ಚಳಾದರೂ ಹಾಕಿಸು. ಕಪ್ಪು ಗಾಲಿ ಬೋಳು ಕಾಣ್ತಾವು."

"ಕಾಣಲಿ. ತಿರುಗಿದ್ರ ಸಾಕು."

ಬಿಳಿ ಬಣ್ಣದ ಸಾದಾ ಗಾಡಿಯನ್ನೇ ತೆಗೆದುಕೊಂಡರು. ಕೇಳಿ ಹಾಕಿಸಿದ್ದು ಎಡಗಡೆಯ ಕನ್ನಡಿ ಒಂದನ್ನೇ. ಎಡಗಡೆಯಿಂದ ಏನು ಬರುತ್ತದೆ ಎಂಬುದು ಗೊತ್ತಾಗದಿರುವುದೇ ಅವಳ ದೊಡ್ಡ ಅಂಜಿಕೆ.

ಹಜರತಅಲಿ ಮಿಸ್ತ್ರಿ ಗೇರಿನ ಕೋಲಿಗೆ ಸೈಕಲ್ ಬ್ರೇಕಿನಂಥ ಒಂದು ಕಬ್ಬಿಣದ ಹಿಡಿಕೆ ಜೋಡಿಸಿ, ಅಲ್ಲಿಂದ ಕ್ಲಚ್ಚಿಗೆ ತಂತಿ ಎಳೆದುಕೊಟ್ಟರು. ಎಡಗೈಯಿಂದ ಹಿಡಿಕೆ ಹಿಂಡಬೇಕು, ಹಿಂಡಿಕೊಂಡೇ ಗೇರು ಹಾಕಬೇಕು, ಆಮೇಲೆ ಮೆಲ್ಲಗೆ ಬಿಡಬೇಕು. ಅಷ್ಟು ಹೊತ್ತು ಸ್ಟೇರಿಂಗ್ ಬಲಗೈ ಒಂದರಲ್ಲೇ ಇರುತ್ತದೆ. "ಬೇಟಿ, ನಿನ್ನ ಬಲಗೈ ನಿನ್ನ ಜೀವ," ಅಂದರು ಮಿಸ್ತ್ರಿ. "ಅದಕ್ಕ ದಣಿವು ಆಗದಂಗ ನೋಡ್ಕೊ."

ಕಲಿಯುವುದಕ್ಕೆ ಊರ ಹೊರಗಿನ ಬಯಲು. ಮೊದಮೊದಲು ಕಾರು ಮೇಕೆಯಂತೆ ಜಿಗಿದು ಜಿಗಿದು ನಿಲ್ಲುತ್ತಿತ್ತು. ಪಕ್ಕದಲ್ಲಿ ಕೂತ ನಾಸೀರ ಬಾಗಿಲಿನ ಹಿಡಿಕೆ ಬಿಡುತ್ತಿರಲಿಲ್ಲ. ದೂರದಲ್ಲಿ ಒಂದು ಎಮ್ಮೆ ಕಂಡರೂ ಮಾಸುಮಬಿ ಗಾಡಿ ನಿಲ್ಲಿಸಿಬಿಡುತ್ತಿದ್ದಳು. ಮನೆಗೆ ಬಂದ ಮೇಲೂ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಆದರೂ ಬಿಡಲಿಲ್ಲ. ಬೇಸಿಗೆಗೆ ಮುಂಚೆಯೇ ಲೈಸೆನ್ಸೂ ಆಯಿತು. ಪರೀಕ್ಷೆ ಮಾಡಿದ ಸಾಹೇಬರು ಹಿಡಿಕೆಯನ್ನು ಎರಡು ಸಲ ತಾವೇ ಹಿಂಡಿ ನೋಡಿ ಸಹಿ ಮಾಡಿದ್ದರು.

ಬಸ್ಸಿನವರು, ಲಾರಿಯವರು, ರಸ್ತೆಯ ದನ, ಇವಕ್ಕೆಲ್ಲ ಅಂಜುತ್ತಲೇ ಅವಳು ಗಾಡಿ ನಡೆಸಿದಳು. ಆದರೆ ಅವಳನ್ನು ಕಂಗೆಡಿಸಿದ್ದು ಬರೀ ಒಂದು ಮಾತು.

ಹೊಸರಿತ್ತಿಯ ಶಾಲೆಗೆ ಅಳತೆಗೆ ಹೋಗಿದ್ದಾಗ ಚಹದಂಗಡಿಯ ಮುಂದೆ ಗಾಡಿ ನಿಲ್ಲಿಸಿದ್ದಳು. ಇಬ್ಬರು ಗಂಡಸರು ಕಿಟಕಿಯಲ್ಲಿ ಬಗ್ಗಿ ಹಿಡಿಕೆ ನೋಡಿದರು. ಒಬ್ಬ, "ಇದೇನಲೇ ಇದು?" ಅಂದ. ಇನ್ನೊಬ್ಬ, "ಕುಂಟಿ ಗಾಡಿ ಅಲಾ ಇದು. ರಾಣೆಬೆನ್ನೂರಿಂದು," ಅಂದ. ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಹಾಲಿನ ಗಾಡಿ, ಅಂಚೆ ಗಾಡಿ ಅನ್ನುವ ಹಾಗೆ ಹೆಸರು ಹೇಳಿದ್ದ, ಅಷ್ಟೇ. ಮಾಸುಮಬಿ ಅಂಗಡಿಯ ನೆರಳಿನಲ್ಲಿ ನಿಂತು ಕೇಳಿಸಿಕೊಂಡಳು. ಅವಳಿಗೆ ಗೊತ್ತೇ ಇಲ್ಲದ ಊರುಗಳಲ್ಲಿ ಅವಳ ಗಾಡಿಗೆ ಈ ಹೆಸರು ಆಗಲೇ ಬಿದ್ದಿತ್ತು.

ಆ ವಾರವೇ ಅವಳು ನಾಸೀರನನ್ನು ಕರೆದಳು. "ನೀ ಹೇಳ್ತಿದ್ದೆಲ್ಲ, ಹೊಳಿಯೂ ಗಾಲಿ. ಅವು ಎಲ್ಲಿ ಸಿಗ್ತಾವು?"

ನಾಸೀರ ಅವಳನ್ನು ಕಾರುಗಳ ಸಿಂಗಾರದ ಒಂದು ಅಂಗಡಿಗೆ ಕರೆದುಕೊಂಡು ಹೋದ. ಗೋಡೆಯ ತುಂಬ ಗಾಲಿಗಳನ್ನು ತೂಗುಹಾಕಿದ್ದರು. ಐದು ಎಸಳಿನವು, ಜಾಳಿಗೆಯಂಥವು, ಸೂರ್ಯನ ಕಿರಣದಂಥವು. ಮಾಸುಮಬಿ ಬಟ್ಟೆ ಆರಿಸುವ ಹಾಗೆ ಒಂದೊಂದರ ಅಂಚಿನ ಮೇಲೂ ಕೈಯಾಡಿಸಿದಳು. ಎಲ್ಲಕ್ಕಿಂತ ಅಗಲವಾದ, ಎಲ್ಲಕ್ಕಿಂತ ಹೆಚ್ಚು ಮಿಂಚುವ ಗಾಲಿಯ ಮುಂದೆ ನಿಂತಳು. ಅದಕ್ಕೆ ತಕ್ಕ ದಪ್ಪ ಟಾಯರ್. ಇಂಥ ಗಾಲಿ ಹಾಕಿದ ಗಾಡಿ ಬಂದರೆ ಮಂದಿ ಗಾಲಿ ನೋಡುತ್ತಾರೆ, ಒಳಗಿನ ಹಿಡಿಕೆ ಯಾರೂ ನೋಡುವುದಿಲ್ಲ. ಅವಳ ಲೆಕ್ಕ ಇಷ್ಟೇ ಇತ್ತು. ಜೊತೆಗೆ ಕೆಂಪು ಮಖಮಲ್ಲಿನ ಸೀಟು ಕವರನ್ನೂ ಆರಿಸಿದಳು.

ಗಾಲಿ ಹಾಕಿದ ಮೇಲೆ ಅಂಗಡಿಯ ಮುಂದೆಯೇ ಒಂದು ಸುತ್ತು ಹೊಡೆದಳು. ಮೊದಲ ತಿರುವಿಗೇ ಬಲಗೈಗೆ ಗೊತ್ತಾಯಿತು. ನೀರು ತುಂಬಿದ ಕೊಡ ಎತ್ತಿದ ಹಾಗೆ ಸ್ಟೇರಿಂಗ್ ಭಾರವಾಗಿತ್ತು. ಪೂರ್ತಿ ತಿರುಗಿಸಿದಾಗ ಮಡಗಾರ್ಡಿನ ಒಳಗೆ ಕರ್ ಎಂದು ಟಾಯರ್ ಉಜ್ಜಿದ ಸದ್ದು ಬಂತು.

"ಏನೋ ಉಜ್ಜಾಕತ್ತೈತಿ," ಅಂದಳು.

"ಹೊಸಾದಕ್ಕ ಹಂಗ ಬರ್ತೈತ್ರಿ," ಅಂದ ಅಂಗಡಿಯವನು. "ಹೊಂದಿಕೊಳ್ತೈತಿ."

ನಾಸೀರ ಸ್ವಲ್ಪ ದೂರ ನಿಂತು ಗಾಡಿಯನ್ನು ನೋಡುತ್ತಿದ್ದ. ರಸ್ತೆಯ ಮಂದಿಯೂ ನಿಂತು ನೋಡುತ್ತಿದ್ದರು, ಗಾಲಿಯನ್ನು. ಮಾಸುಮಬಿ ಬಲಗೈಯ ಮಾತನ್ನು ಬಾಯಿಗೆ ತರಲಿಲ್ಲ.

ಮಾರ್ಚ್ ತಿಂಗಳ ಕೊನೆ. ಶಾಲೆ ಬಿಡುವ ಮುಂಚೆ ಮುಂದಿನ ವರ್ಷದ ಅಳತೆ ಮುಗಿಸಬೇಕು. ಅಂದು ಬ್ಯಾಡಗಿಯ ಒಂದು ಶಾಲೆಗೆ ಹೊರಟಿದ್ದರು. ಮುಂದಿನ ಸೀಟಿನಲ್ಲಿ ಗುತ್ತೆವ್ವ, ಹಿಂದೆ ಸಕೀನಾಬಿ. ಬ್ಯಾಡಗಿಯಲ್ಲಿರುವ ತಂಗಿಯ ಮನೆ ನೋಡಿ ಬರುತ್ತೇನೆ ಅಂತ ಅವಳು ಮೊದಲ ಸಲ ಮಗಳ ಗಾಡಿ ಹತ್ತಿದ್ದಳು. ಹತ್ತಿದಾಗಿನಿಂದ ತುಟಿ ಅಲ್ಲಾಡಿಸುತ್ತ ದುವಾ ಹೇಳಿಕೊಳ್ಳುತ್ತಿದ್ದಳು.

ಮೆಣಸಿನಕಾಯಿ ಪೇಟೆಯ ದಿನ. ಗಾಳಿಯಲ್ಲೇ ಖಾರ, ಕಿಟಕಿ ಮುಚ್ಚಿದರೂ ಕೆಮ್ಮು. ಊರಿಗೆ ಮುಂಚಿನ ರೈಲ್ವೆ ಗೇಟು ಮುಚ್ಚಿತ್ತು. ಎರಡೂ ಕಡೆ ಚೀಲ ತುಂಬಿದ ಲಾರಿ, ಚಕ್ಕಡಿ, ಟ್ರ್ಯಾಕ್ಟರ್. ಒಂದು ರೈಲು ಹೋಯಿತು. ಗೇಟು ತೆರೆದದ್ದೇ ತಡ, ಈ ಕಡೆಯವರೂ ಆ ಕಡೆಯವರೂ ಒಮ್ಮೆಲೇ ನುಗ್ಗಿದರು. ಮಾಸುಮಬಿಗೆ ನಿಲ್ಲುವ ಮನಸ್ಸಿತ್ತು. ಹಿಂದಿನ ಲಾರಿಯವನು ಹಾರ್ನ್ ಒತ್ತಿ ಹಿಡಿದ. ಅವಳು ಹಿಡಿಕೆ ಹಿಂಡಿ ಗೇರು ಹಾಕಿದಳು.

ಹಳಿಯ ಮೇಲೆ ಬಂದಾಗ ಮುಂದಿನ ಟ್ರ್ಯಾಕ್ಟರ್ ನಿಂತುಬಿಟ್ಟಿತು. ಎದುರಿನಿಂದ ಒಂದು ಚಕ್ಕಡಿ ನಡುಮಧ್ಯಕ್ಕೆ ಬಂದು ಸಿಕ್ಕಿಕೊಂಡಿತು. ಅದಕ್ಕೆ ದಾರಿ ಕೊಡಬೇಕಾದರೆ ಪೂರ್ತಿ ಎಡಕ್ಕೆ ಸರಿಯಬೇಕು. ಎಡಗೈ ಹಿಡಿಕೆಯ ಮೇಲೆ, ಬಲಗೈ ಒಂದೇ ಸ್ಟೇರಿಂಗಿನ ಮೇಲೆ. ಅವಳು ಮೈಭಾರವನ್ನೆಲ್ಲ ಹಾಕಿ ತಿರುಗಿಸಿದಳು. ಕರ್ ಎಂದಿತು. ದಪ್ಪ ಟಾಯರಿನ ಅಂಚು ಮಡಗಾರ್ಡಿಗೆ ಕಚ್ಚಿಕೊಂಡಿತು. ಮುಂದಿನ ಗಾಲಿ ರಸ್ತೆಯ ಕಲ್ಲುಹಾಸಿನ ಅಂಚು ದಾಟಿ ಹಳಿಯ ಪಕ್ಕದ ಜಲ್ಲಿಕಲ್ಲಿಗೆ ಇಳಿಯಿತು. ಬೆವರಿದ ಎಡಗೈ ಹಿಡಿಕೆಯಿಂದ ಜಾರಿತು. ಗಾಡಿ ಒಮ್ಮೆ ಜಿಗಿದು ಬಂದ್ ಬಿತ್ತು.

ಚಕ್ಕಡಿ ಹೋಯಿತು. ಟ್ರ್ಯಾಕ್ಟರ್ ಹೋಯಿತು. ಹಿಂದಿನ ಲಾರಿ ಅವಳ ಪಕ್ಕದಿಂದ ನುಸುಳಿಕೊಂಡು ಹೋಯಿತು. ನೋಡನೋಡುತ್ತ ಗೇಟು ಖಾಲಿಯಾಗಿ ಹಳಿಯ ಮೇಲೆ ಅವಳ ಬಿಳಿ ಕಾರು ಒಂದೇ ಉಳಿಯಿತು. ಕೀಲಿ ತಿರುಗಿಸಿದರೆ ಇಂಜಿನ್ ಚಾಲೂ ಆಗುತ್ತಿತ್ತು, ಗಾಡಿ ಮಾತ್ರ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಗಾಲಿ ಜಲ್ಲಿಕಲ್ಲಿನಲ್ಲಿ ಬರೀ ಕೆರೆಯುತ್ತಿತ್ತು.

ಗೇಟಿನ ಕೋಣೆಯಲ್ಲಿ ಫೋನು ರಿಂಗಾಯಿತು. ಗೇಟ್‌ಮನ್ ಕೊಟ್ರಪ್ಪ ಒಳಗೆ ಹೋದವನು ಹೊರಗೆ ಬಂದಾಗ ಅವನ ಮುಖ ಬೇರೆಯಾಗಿತ್ತು.

"ಅಕ್ಕಾರ, ತಗೀರಿ ಗಾಡಿ. ರೈಲು ಬಿಟ್ಟೈತಿ ಹಾವೇರಿಯಿಂದ."

"ಹೋಗವಲ್ದು, ಅಣ್ಣಾ."

"ಹಂಗಾರ ಇಳೀರಿ. ಲಗೂ ಇಳೀರಿ."

ಗುತ್ತೆವ್ವ ತನ್ನ ಕಡೆಯಿಂದ ಇಳಿದು, ಹಿಂದಿನ ಬಾಗಿಲು ತೆಗೆದು ಸಕೀನಾಬಿಯನ್ನು ಎಳೆದಳು. ಮುದುಕಿ ಕಾಲೂರಿದ ಮೇಲೆ ಮಗಳ ಕಡೆ ತಿರುಗಿ ಅಲ್ಲೇ ನಿಂತಳು. ಮಾಸುಮಬಿ ತನ್ನ ಬಾಗಿಲು ತೆಗೆದು ಬಲಗಾಲು ಹೊರಗಿಟ್ಟಳು. ಎಡಗಾಲು ಬರಲಿಲ್ಲ. ಗಾಡಿ ಜಿಗಿದಾಗ ಆ ಕಾಲು ಮುಂದಕ್ಕೆ ಸರಿದು, ಚಪ್ಪಲಿಯ ಪಟ್ಟಿ ಕ್ಲಚ್ಚಿನ ಪೆಡಲಿನ ಕೆಳಗೆ ಸಿಕ್ಕಿತ್ತು. ಬಗ್ಗಿ ಕೈ ಹಾಕಿದಳು. ಬೆರಳಿಗೆ ಪಟ್ಟಿ ಸಿಕ್ಕುತ್ತಿತ್ತು, ಬೆರಳಿನಲ್ಲಿ ಬಲ ಇರಲಿಲ್ಲ. ಹಾವೇರಿಯ ಬಸ್ಸು, ಕೆಸರು, ಕೈಯಲ್ಲಿದ್ದ ಸರಳು, ಎಲ್ಲ ಒಮ್ಮೆಲೇ ನೆನಪಾದವು. ಗುತ್ತೆವ್ವ ಅದನ್ನು ಕಂಡಳು.

ಕೊಟ್ರಪ್ಪ ಕೆಂಪು ಬಾವುಟ ಹಿಡಿದು ಹಾವೇರಿಯ ದಿಕ್ಕಿಗೆ ಹಳಿಯ ಗುಂಟ ಓಡಿದ. ಧೋತರ ಎತ್ತಿ ಕಟ್ಟಿದ ಮುದಿ ಮನುಷ್ಯ, ಕಲ್ಲಿನ ಮೇಲೆ ಎಡವುತ್ತ ಎಡವುತ್ತ ಓಡುತ್ತಿದ್ದುದು ಗಾಜಿನಲ್ಲಿ ಕಾಣುತ್ತಿತ್ತು. ಅವನು ಸಣ್ಣವನಾಗುತ್ತ ಹೋದ. ಅವನಾಚೆ ತಿರುವಿನ ಹಿಂದೆ ಹೊಗೆಯೋ ಧೂಳೋ ಎದ್ದಿತ್ತು. ಆಮೇಲೆ ರೈಲಿನ ಕೂಗು ಕೇಳಿಸಿತು, ಉದ್ದಕ್ಕೆ.

ಚೀಲ ಇಳಿಸಲು ಪೇಟೆಗೆ ಹೊರಟಿದ್ದ ಹಮಾಲರ ಟೆಂಪೊ ಒಂದು ಗೇಟಿನ ಹೊರಗೆ ನಿಂತಿತ್ತು. ಗುತ್ತೆವ್ವ ಅವರ ಕಡೆ ಓಡಿ, "ನಮ್ಮಕ್ಕನ ಕಾಲು ಸಿಕ್ಕೈತಿ, ಬರ್ರೆಪೋ" ಅಂದಳು. ಆರೇಳು ಮಂದಿ ಜಿಗಿದು ಬಂದರು. ಅವರಲ್ಲಿ ಹಿರಿಯ ಮೈಲಾರೆಪ್ಪ ಬಾಗಿಲಲ್ಲಿ ಬಗ್ಗಿ ಅವಳ ಕಾಲು ನೋಡಿದ, ಗಾಲಿ ನೋಡಿದ, ರೈಲು ಬರುವ ಕಡೆ ನೋಡಲಿಲ್ಲ.

"ಅಕ್ಕಾರ, ಕಾಲು ಬಿಡ್ರಿ. ಒಳಗ ಕುಂದ್ರಿ. ಗೇರು ತಗೀರಿ, ಅಷ್ಟ ಮಾಡ್ರಿ."

ಅವಳು ಬಲಗಾಲು ಒಳಗೆಳೆದುಕೊಂಡಳು. ಎರಡೂ ಕೈಯಿಂದ ಹಿಡಿಕೆ ಹಿಂಡಿ ಗೇರು ತೆಗೆದಳು. ಅವಳಿಂದ ಆದದ್ದು ಅಷ್ಟೇ. ಮೂಟೆಗೆ ಕೈ ಕೊಡುವ ಹಾಗೆ ಅವರು ಬಂಪರಿಗೆ, ಮಡಗಾರ್ಡಿಗೆ ಕೈ ಕೊಟ್ಟರು. ಮೈಲಾರೆಪ್ಪ ಒಮ್ಮೆ ಹೂಂ ಅಂದ. ಗಾಡಿಯ ಮೂತಿ ಗಾಳಿಯಲ್ಲಿ ಎದ್ದಿತು. ಅವಳ ಕಣ್ಣ ಮುಂದೆ ರಸ್ತೆ ಹೋಗಿ ಬರೀ ಬಿಳಿ ಆಕಾಶ ಬಂತು. ಕಿಟಕಿಯ ಆಚೆ ಮೆಣಸಿನಕಾಯಿ ಧೂಳು ಹತ್ತಿದ ಕೆಂಪು ಕೈಗಳು, ಕುತ್ತಿಗೆಯ ನರಗಳು. ಆಕಾಶ ಪಕ್ಕಕ್ಕೆ ಸರಿಯಿತು. ಗಾಡಿ ದೊಪ್ಪೆಂದು ಇಳಿದು ಹಿಂದಕ್ಕೆ ಉರುಳಿತು, ಗೇಟಿನ ಹೊರಗಿನ ತನಕ.

ಬಾವುಟ ಕಂಡು ನಿಧಾನಿಸಿದ್ದ ರೈಲು ಗೇಟಿನ ಹತ್ತಿರ ಬಂದು, ನಿಲ್ಲುವ ಹಾಗೆ ಮಾಡಿ, ದಾರಿ ತೆರವಾದದ್ದು ನೋಡಿ ಮೆಲ್ಲಗೆ ದಾಟಿತು. ಡ್ರೈವರ್ ಕಿಟಕಿಯಿಂದ ಬಗ್ಗಿ ಕೆಳಗೆ ನೋಡಿದ. ಒಂದೊಂದೇ ಡಬ್ಬಿ ಹೋಗುವಾಗ ಕಾರಿನ ಗಾಜು ನಡುಗುತ್ತಿತ್ತು. ಮಾಸುಮಬಿ ಇನ್ನೂ ಹಿಡಿಕೆ ಹಿಂಡಿಯೇ ಕೂತಿದ್ದಳು. ಗುತ್ತೆವ್ವ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಆಮೇಲೆ ಕೆಳಗೆ ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚಿದಳು.

ಕೊಟ್ರಪ್ಪ ವಾಪಸು ಬಂದು ಕೋಣೆಯ ಮುಂದಿನ ಕಲ್ಲಿನ ಮೇಲೆ ಕೂತ. ಬೈಯುತ್ತಾನೆ ಅಂದುಕೊಂಡಿದ್ದಳು. ಅವನು ಬೀಡಿ ಹಚ್ಚಲು ನೋಡಿದ. ಕಡ್ಡಿ ಗೀರಿ ಗೀರಿ ಆರಿಹೋಯಿತು. ಕಡೆಗೆ ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು, "ನೀರು ಕುಡೀರಿ, ತಂಗಿ," ಅಂದ. ಸಕೀನಾಬಿ ದುವಾ ನಿಲ್ಲಿಸಿ ಹಮಾಲರ ಕೈ ಹಿಡಿದು ಹಿಡಿದು ಕಣ್ಣಿಗೊತ್ತಿಕೊಂಡಳು.

ನಾಸೀರ ಬಂದು ಗಾಡಿಯನ್ನು ಎಳೆಸಿಕೊಂಡು ಹೋದ. ಮನೆಯಲ್ಲಿ ಅವನು ತಲೆ ಎತ್ತಲಿಲ್ಲ. "ಆ ಗಾಲಿ ಹಾಕಸಂತ ನಿನ್ನ ತಲಿ ಕೆಡಿಸಿದಾಂವ ನಾನ, ಆಪಾ."

"ಇಲ್ಲ. ನಾನ ಆರಿಸೀನಿ," ಅಂದಳು ಮಾಸುಮಬಿ. "ಭಾರ ಆಗಿದ್ದು ನನಗ ಅಂಗಡಿ ಮುಂದನ ಗೊತ್ತಾಗಿತ್ತು. ಮಂದಿ ನೋಡಾಕತ್ತಿದ್ರು. ಸುಮ್ಮನಾದೆ."

ಗಾಡಿ ಮನೆಯ ಮುಂದೆ ಧೂಳು ತಿನ್ನುತ್ತ ನಿಂತಿತು. ಮಾಸುಮಬಿ ಅದರ ಪಕ್ಕದಿಂದ ಹಾಯುವಾಗ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಹಗಲು ಹೊತ್ತಿನಲ್ಲಿ, ಎಲ್ಲರ ನಡುವೆ ಕೂತು ಗುಂಡಿ ಹಚ್ಚುವಾಗ, ಊರ ಸ್ಟೇಷನ್ನಿನಿಂದ ರೈಲಿನ ಕೂಗು ಕೇಳಿದರೆ ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಮೊದಲು ಬಸ್ಸೊಂದಕ್ಕೆ ಅಂಜುತ್ತಿದ್ದಳು, ಈಗ ಕಾರಿಗೂ ರೈಲಿಗೂ. ಹೊರಗೆ ಹೋಗುವ ದಾರಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಆ ವರ್ಷ ಇನ್ನೆರಡು ಶಾಲೆ ಕೈಬಿಟ್ಟವು.

ಗಾಡಿ ಮಾರುವುದು ಅಂತ ಆಯಿತು. ಬೀಜದ ವ್ಯಾಪಾರಿ ನಿಜಲಿಂಗಪ್ಪ ಮಗನಿಗಾಗಿ ನೋಡಲು ಬಂದ. ಒಳ್ಳೆಯ ಮನುಷ್ಯ, ಎಲ್ಲವನ್ನೂ ಮೆಚ್ಚಿಕೊಂಡ. ಗಾಲಿಗಳನ್ನಂತೂ ಕೂತು ಸವರಿದ. ಹಿಡಿಕೆ ನೋಡಿ, "ಇದೊಂದು ಕಿತ್ತು ಒಗದ್ರ ಆತು ಬಿಡ್ರಿ. ಒಂದು ತಾಸಿನ ಕೆಲಸ," ಅಂದ.

ಮಾಸುಮಬಿ ಬಾಗಿಲಲ್ಲಿ ನಿಂತಿದ್ದಳು. ಒಂದು ತಾಸು. ಆಮೇಲೆ ಈ ಗಾಡಿ ಅವಳದಲ್ಲ, ಅವಳಂಥ ಯಾರದೂ ಅಲ್ಲ. ಆಮೇಲೆ ಅವಳು ಹಾವೇರಿಗೆ ಹೋಗಬೇಕಾದರೆ ಬಸ್ ಸ್ಟ್ಯಾಂಡಿನಲ್ಲಿ ಸರಳು ಹಿಡಿದು, ಕಂಡಕ್ಟರನು ಊದುವ ಸೀಟಿಗೆ ಕಿವಿಗೊಟ್ಟು ನಿಲ್ಲಬೇಕು. ಅಂಜಿಕೆ ಇಲ್ಲದ ದಾರಿ ಎಲ್ಲೂ ಇರಲಿಲ್ಲ. ಆರಿಸಬೇಕಾದದ್ದು ಯಾವ ಅಂಜಿಕೆ ಎಂಬುದನ್ನಷ್ಟೇ.

"ಗಾಡಿ ಕೊಡೂದಿಲ್ರಿ," ಅಂದಳು. ತನ್ನ ದನಿಗೆ ತಾನೇ ಬೆಚ್ಚಿದಳು. "ಗಾಲಿ ಬೇಕಾದ್ರ ಒಯ್ರಿ. ನಾಲ್ಕೂ ಒಯ್ರಿ."

ನಿಜಲಿಂಗಪ್ಪ ಒಪ್ಪಿಕೊಂಡ. ಅವನ ಮಗನ ಹತ್ತಿರ ಆಗಲೇ ಒಂದು ಹಳೆಯ ಜೀಪಿನಂಥ ದೊಡ್ಡ ಗಾಡಿ ಇತ್ತು. ಅದಕ್ಕೆ ಹೊಂದದಿದ್ದರೆ ಇನ್ನೊಬ್ಬರಿಗೆ ಕೊಡುತ್ತೇನೆ ಅಂದ. ಗಾಡಿಯ ಮೊದಲಿನ ಗಾಲಿಗಳನ್ನು ಸಕೀನಾಬಿ ಎಸೆಯಗೊಡದೆ ಮಾಳಿಗೆಯ ಮೇಲೆ ಗೋಣಿತಾಟಿನಲ್ಲಿ ಸುತ್ತಿಡಿಸಿದ್ದಳು. ನಾಸೀರ ಅವನ್ನು ಕೆಳಗಿಳಿಸಿ ಹಾಕಿದ. ಸಣ್ಣ, ಕಪ್ಪು, ಬೋಳು ಗಾಲಿ. ಮುಚ್ಚಳದ ಮಾತು ಬಿಟ್ಟು ನಟ್ಟುಗಳನ್ನು ಬಿಗಿದ.

ಅವಳು ಮತ್ತೆ ಅದೇ ಬಯಲಿಗೆ ಹೋಗಿ ಮೊದಲಿನಿಂದ ಕಲಿತಳು. ಎರಡನೆಯ ಸಲ ಕಲಿಯುವುದು ಇನ್ನೂ ಕಷ್ಟ, ಏನಾಗಬಹುದು ಎಂಬುದು ಈಗ ಗೊತ್ತಿತ್ತು. ಎಡಗಾಲಿಗೆ ಪಟ್ಟಿ ಇಲ್ಲದ ಬಟ್ಟೆಯ ಬೂಟು ತಾನೇ ಹೊಲಿದುಕೊಂಡಳು. ಕ್ಲಚ್ಚಿನ ಪೆಡಲನ್ನು ಹಜರತಅಲಿ ಮಿಸ್ತ್ರಿ ಬಿಚ್ಚಿ ತೆಗೆದರು. ಸ್ಟೇರಿಂಗ್ ಮತ್ತೆ ಬಲಗೈಯ ಮಾತು ಕೇಳತೊಡಗಿತು. ಊರಿನವರು ಗಾಡಿಯ ಸಿಂಗಾರ ಹೋಯಿತು ಅಂದರು. ಕುಂಟಿ ಗಾಡಿ ಎಂಬ ಹೆಸರು ಉಳಿದುಕೊಂಡಿತು. ಅದನ್ನು ಕೇಳಿದಾಗ ಅವಳಿಗೆ ಮೊದಲಿನಷ್ಟೇ ನೋವಾಗುತ್ತಿತ್ತು. ಆದರೆ ಆ ನೋವು ಮುಚ್ಚಲು ಗಾಡಿಗೆ ಏನನ್ನೂ ಹಾಕಿಸಲು ಹೋಗಲಿಲ್ಲ.

ಹಾವೇರಿ ಜಿಲ್ಲೆಯಾಗಿ ಹೊಸ ಶಾಲೆಗಳು, ಕಚೇರಿಗಳು ಬಂದವು. ಬಿಟ್ಟುಹೋದ ಶಾಲೆಗಳಲ್ಲಿ ಕೆಲವು ಮರಳಿದವು, ಕೆಲವು ಬರಲಿಲ್ಲ. ಮಾಸುಮಬಿ ಕದರಮಂಡಲಗಿಗೆ, ಬ್ಯಾಡಗಿಗೆ ಗಾಡಿಯಲ್ಲೇ ಹೋಗಿಬರುತ್ತಾಳೆ. ಅಂಜಿಕೆ ಬಿಟ್ಟು ಹೋಗಿಲ್ಲ. ರೈಲ್ವೆ ಗೇಟು ತೆರೆದಿದ್ದರೂ ಅವಳು ಒಮ್ಮೆಗೇ ದಾಟುವುದಿಲ್ಲ. ಮಾರುದೂರದಲ್ಲಿ ನಿಲ್ಲಿಸುತ್ತಾಳೆ. ಗುತ್ತೆವ್ವ ಇಳಿದು ಹಳಿಯ ನಡುವೆ ಹೋಗಿ, ಸೆರಗನ್ನು ಹಣೆಯ ಮೇಲೆ ಬಿಸಿಲಿಗೆ ಅಡ್ಡ ಹಿಡಿದು ಆ ಕಡೆ ನೋಡುತ್ತಾಳೆ, ಈ ಕಡೆ ನೋಡುತ್ತಾಳೆ. ಹಳಿಯ ಮೇಲೆ ಒಂದು ನಾಯಿಯೂ ಇಲ್ಲ ಅಂತ ಖಾತ್ರಿಯಾದ ಮೇಲೆ ಕೈ ಬೀಸುತ್ತಾಳೆ. ಹಿಂದಿನ ಲಾರಿಯವರು ಹಾರ್ನ್ ಹೊಡೆಯುತ್ತಾರೆ, ಬೈಯುತ್ತಾರೆ.

"ಹೊಡ್ಕೊಳ್ಳಲಿ," ಅನ್ನುತ್ತಾಳೆ ಮಾಸುಮಬಿ, ಅಂಗೈ ಬೆವರನ್ನು ಸೆರಗಿಗೆ ಒರೆಸಿಕೊಂಡು. ಆಮೇಲೆ ಹಿಡಿಕೆ ಹಿಂಡಿ, ಗೇರು ಹಾಕಿ, ಮೆಲ್ಲಗೆ ಬಿಡುತ್ತಾಳೆ.